ಬಿಸಿಲಿಗೆ ಹಾಕಿದ ಮಾತ್ರಕ್ಕೆ ಹುಳ ಹೋಗದು

ಮಾನ್ಯರೇ,

ಮಳೆಗಾಲದಲ್ಲಿ ಹುಳ ಬಿದ್ದ ಅಕ್ಕಿಯನ್ನು ಬಿಸಿಲಿಗೆ ಹರವಿ, ಕೇರಿ, ಅದೇ ಡಬ್ಬಿಗೆ ತುಂಬುವುದು ಹಲವರ ರೂಢಿ. ತಿಂಗಳೊಳಗೆ ಹುಳ ಮತ್ತೆ ಹಾಜರು. ಮೂತಿಹುಳು ಕಾಳನ್ನು ಕೊರೆದು ಒಳಗೆ ಮೊಟ್ಟೆಯಿಡುತ್ತದೆ. ಬಿಸಿಲಿಗೆ ಓಡುವುದು ದೊಡ್ಡ ಹುಳ ಮಾತ್ರ, ಮರಿ ಕಾಳಿನೊಳಗೇ ಇರುತ್ತದೆ. ಹೆಸರುಕಾಳು, ಅಲಸಂದೆ ಮೇಲೆ ಅಂಟಿಕೊಂಡ ಬಿಳಿ ಚುಕ್ಕೆಗಳೂ ಮೊಟ್ಟೆಗಳೇ.

ತಂದ ಕೂಡಲೇ ರವೆ, ಹಿಟ್ಟು, ಕಾಳುಗಳನ್ನು ಒಂದೊಂದು ಕಿಲೋ ಪೊಟ್ಟಣ ಕಟ್ಟಿ ಫ್ರೀಜರಿನಲ್ಲಿ (ಮೈನಸ್ 18 ಡಿಗ್ರಿ) ಒಂದು ವಾರ ಇಡಿ. ಹೊರತೆಗೆದ ಮೇಲೆ ತಣ್ಣಗಿರುವಾಗಲೇ ಬಿಚ್ಚಬೇಡಿ, ಪಸೆ ಕೂತು ಬೂಷ್ಟು ಹಿಡಿಯುತ್ತದೆ. ಫ್ರಿಜ್ಜಿನ ಕೆಳಗಿನ ಖಾನೆ ಸಾಲದು. ಅಲ್ಲಿ ಹುಳ ಬೆಳೆಯುವುದಿಲ್ಲ, ಆದರೆ ಬೇಗ ಸಾಯುವುದೂ ಇಲ್ಲ. ರವೆಯಲ್ಲಿ ಬಲೆ ಕಟ್ಟಿದ್ದರೆ ಜರಡಿ ಹಿಡಿಯುವ ಗೋಜು ಬೇಡ, ಎಸೆಯಿರಿ.

ಕಪಾಟು ಖಾಲಿ ಮಾಡಿ, ಹಾಸಿದ ಪೇಪರ್ ತೆಗೆದು, ಸಂದುಗಳನ್ನೂ ಸ್ಕ್ರೂ ತೂತುಗಳನ್ನೂ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೆದಕಿ. ಸೋಪು ನೀರಲ್ಲಿ ಒರೆಸಿ ಪೂರ್ತಿ ಒಣಗಿಸಿ. ಮೂಲ ಎಷ್ಟೋ ಸಲ ಅಟ್ಟದ ಮೇಲೆ ಮರೆತ ಕಡಲೆಕಾಯಿ ಚೀಲವೇ! ಪ್ಲಾಸ್ಟಿಕ್ ಕವರನ್ನು ಹುಳ ಕೊರೆಯುತ್ತದೆ. ರಬ್ಬರ್ ಉಂಗುರದ ಮುಚ್ಚಳವಿರುವ ಡಬ್ಬಿಯೇ ಬೇಕು. ಬೇವಿನೆಲೆ, ಲವಂಗ ಹಾಕಿದರೆ ತಪ್ಪಿಲ್ಲ, ಆದರೆ ಅವು ಒಳಗಿರುವ ಹುಳವನ್ನು ಕೊಲ್ಲವು. ತೊಗರಿಬೇಳೆಗೆ ಕಿಲೋಗೆ ಒಂದು ಟೀ ಚಮಚ ಹರಳೆಣ್ಣೆ ಸವರುವ ಹಳೆಯ ಪದ್ಧತಿ ಒಳ್ಳೆಯದೇ.

ಗೋದಾಮಿಗೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮನೆಯ ಅಕ್ಕಿಗೆ ಇಡಲೇಬೇಡಿ. ಗಾಳಿಯ ತೇವಕ್ಕೆ ಅದರಿಂದ ಹೊರಡುವ ಫಾಸ್ಫೀನ್ ಅನಿಲ ಮನೆಯಲ್ಲಿ ಮಲಗಿದವರನ್ನೇ ಕೊಲ್ಲಬಲ್ಲದು.

– ಓದುಗರು, ಮೈಸೂರು