ಓಡುತ್ತಾ, ಇಲ್ವಾ?

ಮಾನ್ಯ ಸಂಪಾದಕರೇ,

ಐಟಿ ಕೆಲಸದ ಒತ್ತಡದ ಬಗ್ಗೆ ನಿಮಗೆ ಪತ್ರಗಳು ಬರುತ್ತಲೇ ಇರುತ್ತವೆ, ನನ್ನದೂ ಒಂದಿರಲಿ. ನನ್ನ ತಲೆನೋವು ಮ್ಯಾನೇಜರ್ ಅಲ್ಲ, ಪಕ್ಕದ ಸೀಟಿನ ಗೆಳೆಯ. ಇಬ್ಬರೂ ಮೇನ್‌ಫ್ರೇಮ್ ಅನ್ನೋ ದೊಡ್ಡ ಕಂಪ್ಯೂಟರ್‌ನಲ್ಲಿ ರಾತ್ರಿ ಬ್ಯಾಚ್, ಅಂದರೆ ಸ್ಟೆಪ್ ಸ್ಟೆಪ್ಪಾಗಿ ತಾನೇ ಓಡುವ ಜಾಬ್‌ಗಳನ್ನು, ನೋಡಿಕೊಳ್ಳುವವರು. ಜಾಬ್‌ನಲ್ಲಿ 'ಕಾಂಡ್' (COND) ಅನ್ನೋ ಷರತ್ತು ಬರುತ್ತೆ, ಎರಡು ವರ್ಷದಿಂದ ಅದರ ಬಗ್ಗೆ ಅವನದು ಒಂದೇ ಪ್ರಶ್ನೆ: "ಗುರು, ಕಾಂಡ್ ನಿಜ ಆದ್ರೆ ಸ್ಟೆಪ್ ಓಡುತ್ತಾ, ಇಲ್ವಾ?"

ಓಡಲ್ಲ. ಜಾಬ್ ಹೇಗೆ ಓಡಬೇಕು ಅಂತ ಮೇನ್‌ಫ್ರೇಮ್‌ಗೆ ಹೇಳುವ ಭಾಷೆ ಜೆಸಿಎಲ್, ಅದರಲ್ಲಿ ಕಾಂಡ್ ಹಾಕುವುದೇ ಸ್ಟೆಪ್ ಓಡಿಸದೆ ಬಿಡೋಕೆ. ಪ್ರತಿ ಸ್ಟೆಪ್ಪೂ ಮುಗಿದಾಗ ರಿಟರ್ನ್ ಕೋಡ್ ಅಂತ ಒಂದು ಅಂಕಿ ಕೊಡುತ್ತೆ: ಸೊನ್ನೆ ಅಂದರೆ ಎಲ್ಲ ಸರಿ, ದೊಡ್ಡದಾದಷ್ಟೂ ತೊಂದರೆ. (4,ಎಲ್‌ಟಿ) ಅಂತ ಬರೆದರೆ (ಎಲ್‌ಟಿ ಅಂದರೆ ಲೆಸ್ ದ್ಯಾನ್, ಚಿಕ್ಕದು), ಹಿಂದಿನ ಯಾವುದಾದರೂ ಸ್ಟೆಪ್ಪಿನ ರಿಟರ್ನ್ ಕೋಡ್‌ಗಿಂತ 4 ಚಿಕ್ಕದಿದ್ದರೆ, ಅಂದರೆ 8 ಅಥವಾ 12 ಬಂದಿದ್ದರೆ, ಈ ಸ್ಟೆಪ್ಪಿಗೆ ರಜೆ. ಮೊದಲ ವಾರ ಇದನ್ನೇ ಟಿಶ್ಯೂ ಮೇಲೆ ಬರೆದು ಕೊಟ್ಟೆ. ಅದರಲ್ಲಿ ಬಾಯಿ ಒರೆಸಿಕೊಂಡ.

ಆಮೇಲೆ ತಮಾಷೆಗೆ ಇಳಿದೆ. "ಸಿಲ್ಕ್ ಬೋರ್ಡ್ ಜಾಮ್ 4 ಕಿಲೋಮೀಟರ್ ದಾಟಿದ್ರೆ ಆಫೀಸಿಗೆ ಬರಬೇಡ, ಸರಿಯಾಗಿ 4 ಇದ್ರೆ ತೆಪ್ಪಗೆ ಬಾ" ಅಂದೆ. ಇನ್ನೊಂದು ದಿನ, "ಇಲ್ಲಿ ಸೊನ್ನೆ ತಗೊಂಡವನೇ ಫಸ್ಟ್ ಕ್ಲಾಸ್, 16 ತಗೊಂಡವನು ಢುಮ್ಕಿ" ಅಂದೆ. ಪ್ರಶ್ನೆಗೊಂದು ಟೀ ಅಂತ ರೇಟ್ ಕಟ್ಟಿದೆ, ಸುಮ್ನೆ ಕೊಡಿಸಿಬಿಟ್ಟು ಮತ್ತೆ ಕೇಳಿದ. ಕೊನೆಗೆ 'ನಿಜ ಆದ್ರೆ ನಿಲ್ಲು' ಅಂತ ಚೀಟಿ ಬರೆದು ಅವನ ಮಾನಿಟರ್‌ಗೆ ಅಂಟಿಸಿದೆ. ಸೋಮವಾರ ಬಂದು, "ನಿಲ್ಲಬೇಕಾದ್ದು ಸ್ಟೆಪ್ಪಾ, ನಾನಾ?" ಅಂದ.

ತಪ್ಪು ಪೂರ್ತಿ ಅವನದೂ ಅಲ್ಲ, ಬಿಡಿ. ಐಬಿಎಂ 1964ರಲ್ಲಿ ಸಿಸ್ಟಮ್/360 ಘೋಷಿಸಿತಲ್ಲ, ಅದರ ಆಪರೇಟಿಂಗ್ ಸಿಸ್ಟಮ್ ಜೊತೆ ಬಂದದ್ದು ಈ ಜೆಸಿಎಲ್. ಆ ಯೋಜನೆಯ ಉಸ್ತುವಾರಿ ಹೊತ್ತಿದ್ದ ಫ್ರೆಡ್ ಬ್ರೂಕ್ಸ್ ಅವರೇ ಮುಂದೆ ಇದಕ್ಕಿಂತ ಕೆಟ್ಟ ಭಾಷೆ ಇಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದ್ದರು. ಆಮೇಲೆ ಇಫ್-ದೆನ್-ಎಲ್ಸ್ ('ಹೀಗಾದ್ರೆ ಇದು, ಇಲ್ಲದಿದ್ರೆ ಅದು') ಬಂತು, ಓದಿದರೆ ಅರ್ಥ ಆಗುತ್ತೆ. ಆದರೆ ನಮ್ಮ ಹಳೇ ಜಾಬ್‌ಗಳಲ್ಲಿ ಇರೋದೆಲ್ಲ ಕಾಂಡೇ, ಮುಟ್ಟೋಕೆ ಯಾರಿಗೂ ಧೈರ್ಯ ಇಲ್ಲ.

ಕಳೆದ ತಿಂಗಳು ಒಂದು ರಾತ್ರಿ ಎರಡೂವರೆಗೆ ನಾನೊಬ್ಬನೇ ಇದ್ದೆ. ಎಲ್ಲ ಸ್ಟೆಪ್ಪೂ ಸೊನ್ನೆಯಲ್ಲೇ ಮುಗಿದಿದೆ, ರಿಪೋರ್ಟ್ ಸ್ಟೆಪ್ ಮಾತ್ರ ಓಡಿಲ್ಲ! ಅರ್ಧ ಗಂಟೆ ಕಣ್ಣು ಕಿರಿದು ಮಾಡಿಕೊಂಡು ನೋಡಿದೆ, ಹೊಳೆಯಲಿಲ್ಲ. ನಾಚಿಕೆ ಬಿಟ್ಟು ಅವನಿಗೇ ಫೋನ್ ಮಾಡಿ ಆ ಸಾಲು ಓದಿ ಹೇಳಿದೆ. ಎಲ್‌ಟಿ ಬದಲು ಜಿಟಿ (ಗ್ರೇಟರ್ ದ್ಯಾನ್, ದೊಡ್ಡದು) ಅಂತ ಬರೆದಿದ್ದೆ; ಸೊನ್ನೆಗಿಂತ 4 ದೊಡ್ಡದು, ಅದಕ್ಕೇ ಸ್ಟೆಪ್ಪಿಗೆ ರಜೆ.

ನಿದ್ದೆಗಣ್ಣಲ್ಲೇ ಅಂದ: "ಏನ್ ಗುರು, ಜಾಮೇ ಇಲ್ದಿದ್ರೂ ಮನೇಲಿ ಕೂತ್ಯಾ?"

ಆ ಉತ್ತರಕ್ಕೆ ಈಗ ನಾನೇ ಒಂದು ಟೀ ಬಾಕಿ.

— ಒಬ್ಬ ಮೇನ್‌ಫ್ರೇಮ್ ನೌಕರ, ಬೆಂಗಳೂರು