ಸಿಹಿ ಹಂಚುವ ಮುಂಚೆ

ಶಿವಮೊಗ್ಗ
ಭಾನುವಾರ ಮಧ್ಯಾಹ್ನ

ಪುಟ್ಟಿ,

ನಿನ್ನೆ ರಾತ್ರಿ ಹನ್ನೊಂದೂವರೆಗೆ ಆ ಆಫರ್ ಲೆಟರ್ ಫಾರ್ವರ್ಡ್ ಮಾಡಿ "ಅಮ್ಮಾ, ಕೊನೆಗೂ ಆಯ್ತು" ಅಂತ ಬರೆದಿದ್ದೆ. ನಾನು ನೋಡಿದ್ದು ಬೆಳಿಗ್ಗೆ ಐದಕ್ಕೆ. ಮೊದಲ ಸಲ ಓದಿದಾಗ ಕಣ್ಣು ತುಂಬಿ ಬಂತು. ಎಂಟು ತಿಂಗಳಿಂದ ಆ ಪಿಜಿ ರೂಮಿನಲ್ಲಿ ಕೂತು ಎಷ್ಟು ಅರ್ಜಿ ಹಾಕಿದ್ದೀಯ ಅಂತ ನನಗೆ ಗೊತ್ತು. ಎರಡನೇ ಸಲ ಓದಿದಾಗ ಎದೆ ಧಸಕ್ಕೆಂದಿತು. ಲ್ಯಾಪ್‌ಟಾಪಿಗೆ ಡೆಪಾಸಿಟ್ 9,850 ರೂಪಾಯಿ, 24 ಗಂಟೆಯೊಳಗೆ ಕಟ್ಟಬೇಕು, ಮೊದಲ ಸಂಬಳದ ಜೊತೆ ವಾಪಸ್. ಕೂಡಲೇ ಫೋನ್ ಮಾಡಿ ದುಡ್ಡು ಹಾಕಬೇಡ ಅಂದೆ. "ರೂಮಿನಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೀನಿ, ನಿಂಗೆ ಎಲ್ಲದರ ಮೇಲೂ ಅನುಮಾನ" ಅಂತ ಫೋನ್ ಇಟ್ಟುಬಿಟ್ಟೆ. ಅದಕ್ಕೇ ಬರೆಯಲು ಕೂತೆ.

ಹೋದ ವರ್ಷ ನಮ್ಮ ಬ್ಯಾಂಕಿನ ಕೌಂಟರಿಗೆ ಬಂದಿದ್ದ ಒಬ್ಬ ಹುಡುಗನ ವಿಷಯ ನಿನಗೆ ಹೇಳಿರಲಿಲ್ಲ. ಡಿಪ್ಲೊಮಾ ಮುಗಿಸಿದವನು, ನಿನಗಿಂತ ಒಂದೆರಡು ವರ್ಷ ಚಿಕ್ಕವನು. ಅಂಗಿಯ ಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಆಫರ್ ಲೆಟರ್ ಇತ್ತು. ಮಡಿಕೆ ಸವೆದು ಹರಿಯುವ ಹಾಗಾಗಿತ್ತು. ಅಷ್ಟು ಸಲ ತೆಗೆದು ತೋರಿಸಿದ್ದಾನೆ ಪಾಪ. ಮೊದಲು ರಿಜಿಸ್ಟ್ರೇಷನ್ ಅಂತ 3,500 ಕಟ್ಟಿದ್ದ. ಆಮೇಲೆ ಟ್ರೈನಿಂಗಿಗೆ 18,000. ಅವತ್ತು ಬಾಂಡ್ ಅಂತ 32,000 ಕಳಿಸಿ ಆಗಿ ಮೂರು ದಿನ, ಆ ಕಡೆಯ ಫೋನ್ ಸ್ವಿಚ್ ಆಫ್. "ಎರಡನೇ ಸಲ ಕೇಳಿದಾಗಲೇ ಅನುಮಾನ ಬರಲಿಲ್ವಾ?" ಅಂತ ಕೇಳಿದೆ. "ಬಂತು ಮೇಡಂ. ಆದ್ರೆ ಅಷ್ಟೊತ್ತಿಗೆ ಅಮ್ಮ ಬೀದಿಗೆಲ್ಲ ಮೈಸೂರು ಪಾಕ್ ಹಂಚಿದ್ರು" ಅಂದ.

ಆ ಮಾತು ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ಅವನು ದಡ್ಡ ಅಲ್ಲ. ಸುದ್ದಿ ಊರಿಗೆಲ್ಲ ಹೋದ ಮೇಲೆ ಹಿಂದೆ ಸರಿಯೋಕೆ ದಾರಿ ಸಿಗಲಿಲ್ಲ, ಅಷ್ಟೇ. ಕೆಲಸಕ್ಕಾಗಿ ಕಾದು ಕಾದು ಸಾಕಾದವರನ್ನೇ ಈ ಮೋಸಗಾರರು ಹುಡುಕುತ್ತಾರೆ. 24 ಗಂಟೆ ಗಡುವು ಇಡುವುದೂ ಅದಕ್ಕೇ. ಖುಷಿ ಇಳಿಯುವುದರೊಳಗೆ ದುಡ್ಡು ಬರಬೇಕು ಅವರಿಗೆ.

ಈಗ ನಿನ್ನ ಮೇಲ್ ವಿಷಯ. ಬೆಳಿಗ್ಗೆ ನಾನೂ ನಿನ್ನ ತಮ್ಮನೂ ಕೂತು ನೋಡಿದೆವು. ನೀನೂ ಕಂಪ್ಯೂಟರಿನಲ್ಲಿ ಅದನ್ನು ತೆರೆದಿಟ್ಟುಕೊಂಡು ಇದನ್ನು ಓದು.

ಕಳಿಸಿದವರ ಹೆಸರಿನ ಜಾಗದಲ್ಲಿ ಕಂಪನಿಯ ಹೆಸರಿದೆ, ಸರಿ. ಆ ಜಾಗದಲ್ಲಿ ಯಾರು ಯಾವ ಹೆಸರು ಬೇಕಾದರೂ ಹಾಕಿಕೊಳ್ಳಬಹುದು. ವಿಳಾಸ ನೋಡು. ಕಂಪನಿಯ ಹೆಸರು, ಒಂದು ಅಡ್ಡಗೆರೆ, ಆಮೇಲೆ 'ಕೆರಿಯರ್ಸ್' ಅಂತಿದೆ. ಕಂಪನಿಯ ಸ್ವಂತ ವೆಬ್‌ಸೈಟಿನ ಹೆಸರಿನಲ್ಲಿ ಅಡ್ಡಗೆರೆಯೂ ಇಲ್ಲ, ಕೆರಿಯರ್ಸೂ ಇಲ್ಲ. ನಿನ್ನ ತಮ್ಮ 'ಹೂ ಈಸ್' ಅನ್ನುವ ಹುಡುಕಾಟ ಮಾಡಿ ತೋರಿಸಿದ. ಒಂದು ವೆಬ್ ವಿಳಾಸ ಯಾವತ್ತು ನೋಂದಣಿಯಾಯಿತು ಅಂತ ಅದರಲ್ಲಿ ಸಿಗುತ್ತದೆ. ಕಂಪನಿಗೆ ಇಪ್ಪತ್ತು ವರ್ಷದ ಮೇಲಾಗಿದೆ. ಈ ವಿಳಾಸ ಹುಟ್ಟಿ ಹತ್ತೊಂಬತ್ತು ದಿನ.

ಆಮೇಲೆ ಮೇಲ್‌ನ ಮೂಲೆಯಲ್ಲಿ ಮೂರು ಚುಕ್ಕಿ ಒತ್ತಿ 'ಶೋ ಒರಿಜಿನಲ್' ತೆರೆದ. ಜಿಮೇಲ್ ಅನ್ನು ಬ್ರೌಸರಿನಲ್ಲಿ ತೆರೆದರೆ ಅದು ಸಿಗುತ್ತದೆ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅಂತ ಮೂರು ಪರೀಕ್ಷೆ ಇರುತ್ತವೆ, ಮೇಲ್ ಅದರಲ್ಲಿ ಕಾಣುವ ವಿಳಾಸದಿಂದಲೇ ಬಂತಾ ಅಂತ ನೋಡಲು. ಮೂರರ ಮುಂದೆಯೂ 'ಪಾಸ್' ಅಂತ ಇತ್ತು. "ಹಾಗಾದ್ರೆ ಸರಿ ಇದೆ ಅಲ್ವಾ ಅಮ್ಮ?" ಅಂದ. ಇಲ್ಲೇ ಜಾಸ್ತಿ ಜನ ಎಡವುವುದು. ಪಾಸ್ ಅಂದರೆ ಈ ಮೇಲ್ ಆ ವಿಳಾಸದವರೇ ಕಳಿಸಿದ್ದು ಅಂತ ಮಾತ್ರ. ಆ ವಿಳಾಸ ಕಂಪನಿಯದೇ ಅಂತ ಅಲ್ಲ. ಕಳ್ಳ ತಾನೇ ಕೊಂಡ ವಿಳಾಸದಿಂದ ಕಳಿಸಿದರೂ ಪಾಸ್ ಆಗುತ್ತದೆ. ಫೇಲ್ ಅಂತ ಬಂದರೆ ಹುಷಾರಾಗಬೇಕು. ಪಾಸ್ ಬಂತು ಅಂತ ನಿಶ್ಚಿಂತೆಯಾಗಬಾರದು. ಅದೇ ಪುಟದಲ್ಲಿ 'ರಿಪ್ಲೈ ಟು' ಅನ್ನುವ ಸಾಲು ಹುಡುಕು. ನೀನು ಉತ್ತರ ಬರೆದರೆ ಅದು ಹೋಗುವುದು ಒಂದು ಮಾಮೂಲಿ ಜಿಮೇಲ್ ಖಾತೆಗೆ.

ಪಿಡಿಎಫ್ ನಾನೇ ನೋಡಿದೆ, ಅಂಕಿ ನನ್ನ ಕೆಲಸ ಅಲ್ವಾ. ತಿಂಗಳ ಸಂಬಳ 42,500 ಅಂತಿದೆ. ಹನ್ನೆರಡರಿಂದ ಗುಣಿಸಿದರೆ 5,10,000. ಅದರ ಕೆಳಗೇ ವರ್ಷಕ್ಕೆ 5,40,000 ಅಂತ ಬರೆದಿದ್ದಾರೆ. ಕಂಪನಿಯ 21 ಅಕ್ಷರದ ನೋಂದಣಿ ಸಂಖ್ಯೆ ಮಾತ್ರ ಸರಿಯಾಗೇ ಇದೆ. ಅದನ್ನು ಯಾರು ಬೇಕಾದರೂ ನಕಲು ಮಾಡಬಹುದು, ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲೇ ಸಿಗುತ್ತದೆ. ಡೆಪಾಸಿಟ್ ಕಟ್ಟಬೇಕಾದ ಖಾತೆ ಯಾರದು ನೋಡು. ಕಂಪನಿಯ ಹೆಸರಿಲ್ಲ, ಯಾರೋ ಒಬ್ಬ ವ್ಯಕ್ತಿಯ ಸೇವಿಂಗ್ಸ್ ಖಾತೆ. ಐಎಫ್‌ಎಸ್‌ಸಿ ಕೋಡಿನ ಕೊನೆಯ ಆರು ಅಕ್ಷರ ಶಾಖೆಯದು. ಹುಡುಕಿದರೆ ಅದು ಬೇರೆ ರಾಜ್ಯದ ಒಂದು ಸಣ್ಣ ಊರು. ಬೆಂಗಳೂರಿನ ಕಂಪನಿ ಅಲ್ಲಿ ಯಾರದೋ ಖಾತೆಗೆ ದುಡ್ಡು ಹಾಕು ಅನ್ನುತ್ತದಾ?

ಆ ಖಾತೆಯವನೂ ಮೋಸ ಹೋದವನೇ ಇರಬಹುದು. ಮನೆಯಲ್ಲೇ ಕೂತು ಮಾಡುವ ಕೆಲಸ, ನಿಮ್ಮ ಖಾತೆಗೆ ಬಂದ ದುಡ್ಡನ್ನು ಮುಂದಕ್ಕೆ ಕಳಿಸಿ, ಕಮಿಷನ್ ಇಟ್ಟುಕೊಳ್ಳಿ ಅಂತಲೂ ಆಫರ್ ಬರುತ್ತವೆ. ಒಪ್ಪಿಕೊಂಡರೆ ಪೊಲೀಸರು ಮೊದಲು ಬರುವುದು ನಿನ್ನ ಬಾಗಿಲಿಗೆ. ಖಾತೆ ಫ್ರೀಜ್ ಆದವರು ನಮ್ಮ ಮ್ಯಾನೇಜರ್ ಮುಂದೆ ಅಳುವುದನ್ನು ನೋಡಿದ್ದೇನೆ.

ನಾಲ್ಕು ಸಾವಿರ, ಹತ್ತು ಸಾವಿರಕ್ಕೆ ನಿಂತರೆ ಪುಣ್ಯ. 2022ರಲ್ಲಿ ತಮಿಳುನಾಡಿನ 28 ಜನರನ್ನು ರೈಲ್ವೆ ಕೆಲಸ ಅಂತ ನಂಬಿಸಿ ದೆಹಲಿಗೆ ಕರೆಸಿಕೊಂಡಿದ್ದರು. ಟ್ರೈನಿಂಗ್ ಅಂತ ಹೇಳಿ ನವದೆಹಲಿ ನಿಲ್ದಾಣದಲ್ಲಿ ಬರುವ ಹೋಗುವ ರೈಲು, ಬೋಗಿ ಎಣಿಸಲು ಕೂರಿಸಿದರು. ದಿನಕ್ಕೆ ಎಂಟು ಗಂಟೆಯಂತೆ ಸುಮಾರು ಒಂದು ತಿಂಗಳು ಎಣಿಸಿದರು ಅವರು. ಲಕ್ಷಗಟ್ಟಲೆ ಕೊಟ್ಟಿದ್ದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ವಿದೇಶಾಂಗ ಸಚಿವಾಲಯವೂ ಎಚ್ಚರಿಕೆ ಕೊಟ್ಟಿತು. ಥಾಯ್ಲೆಂಡಿನಲ್ಲಿ ಐಟಿ ಕೆಲಸ ಅಂತ ಕರೆದು ಹುಡುಗರನ್ನು ಗಡಿ ದಾಟಿಸಿ ಮ್ಯಾನ್ಮಾರಿಗೆ ಸಾಗಿಸುತ್ತಿದ್ದರು. ವಿದೇಶದ ಆಫರ್ ಬಂದರೆ ಏಜೆಂಟ್ ನೋಂದಾಯಿತನಾ ಅಂತ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡದೆ ಪಾಸ್‌ಪೋರ್ಟನ್ನು ಯಾರ ಕೈಗೂ ಕೊಡಬೇಡ.

ನಾಳೆ ಬೆಳಿಗ್ಗೆ ಕಂಪನಿಗೆ ನೀನೇ ಫೋನ್ ಮಾಡು. ಪತ್ರದಲ್ಲಿರುವ ನಂಬರಿಗೆ ಬೇಡ, ಕಂಪನಿಯ ವೆಬ್‌ಸೈಟಿನಲ್ಲಿರುವ ನಂಬರಿಗೆ. ನನ್ನ ಮಾತು ತಪ್ಪಾಗಿದ್ದರೆ ನನಗಿಂತ ಖುಷಿ ಪಡುವವರು ಯಾರಿದ್ದಾರೆ? ಆದರೆ ಹತ್ತು ನಿಮಿಷ ವಾಟ್ಸಾಪಿನಲ್ಲಿ ಪ್ರಶ್ನೆ ಕೇಳಿದ್ದನ್ನೇ ಇಂಟರ್‌ವ್ಯೂ ಅಂದಿದ್ದಾರೆ. ಯಾರ ಮುಖವನ್ನೂ ನೀನು ನೋಡಿಲ್ಲ.

ಅವರ ಜೊತೆ ವಾದ ಮಾಡಲು ಹೋಗಬೇಡ. ಏನಾದರೂ ಆ್ಯಪ್ ಹಾಕಿಕೋ ಅಂದರೆ ಹಾಕಬೇಡ. ಮೇಲ್ ಡಿಲೀಟ್ ಮಾಡಬೇಡ, ಆ 'ಒರಿಜಿನಲ್' ಪುಟವನ್ನೂ ವಾಟ್ಸಾಪ್ ಚಾಟನ್ನೂ ಉಳಿಸಿಕೊಂಡು ಸೈಬರ್ ಕ್ರೈಮ್ ಪೋರ್ಟಲಿನಲ್ಲಿ ದೂರು ಹಾಕು. ದುಡ್ಡು ಹೋಗದಿದ್ದರೂ ಹಾಕಬಹುದು. ಒಂದು ವೇಳೆ ನನಗೆ ಹೇಳದೆ ಈಗಾಗಲೇ ಕಟ್ಟಿದ್ದರೆ ಈ ಪತ್ರವನ್ನು ಇಲ್ಲಿಗೇ ಬಿಟ್ಟು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಆ ಖಾತೆಯಿಂದ ದುಡ್ಡು ಮುಂದಕ್ಕೆ ಹೋಗುವ ಮೊದಲು ತಡೆ ಹಾಕಿಸಬಹುದು. ಆ ಹುಡುಗ ಬಂದಿದ್ದು ಮೂರು ದಿನ ತಡವಾಗಿ. ನಾನು ಬೈಯುವುದಿಲ್ಲ, ಅಪ್ಪನೂ ಬೈಯುವುದಿಲ್ಲ.

ಆಧಾರ್, ಪ್ಯಾನ್ ಕಾಪಿ ಕಳಿಸಿದ್ದೀಯ ಅಂತ ಮೇಲ್‌ನಲ್ಲೇ ಕಂಡಿತು. ಇವತ್ತೇ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡು. ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ನಿನ್ನ ಹೆಸರಿನಲ್ಲಿ ಎಷ್ಟು ಸಿಮ್ ಇವೆ ನೋಡು. ಯಾರಾದರೂ ನಿನ್ನ ಹೆಸರಿನಲ್ಲಿ ಸಾಲ ತೆಗೆದಿದ್ದರೆ ಕ್ರೆಡಿಟ್ ರಿಪೋರ್ಟಿನಲ್ಲಿ ಗೊತ್ತಾಗುತ್ತದೆ. ವರ್ಷಕ್ಕೊಂದು ಸಲ ಅದು ಉಚಿತ. ಮುಂದಿನ ತಿಂಗಳು ಇಬ್ಬರೂ ಕೂತು ತೆಗೆಯೋಣ.

ರೂಮಿನವರಿಗೆ ಹೇಗೆ ಹೇಳಲಿ ಅನ್ನುವುದೇ ನಿನ್ನ ಸಂಕಟ ಅಂತ ನನಗೆ ಗೊತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳು. ಅವರೂ ಕೆಲಸ ಹುಡುಕುತ್ತಿರುವವರು, ಅವರ ಇನ್‌ಬಾಕ್ಸಿನಲ್ಲೂ ಇಂಥದ್ದೊಂದು ಬಂದಿರಬಹುದು. ವಿಳಾಸದ ತಾರೀಕು ನೋಡುವುದನ್ನು ಅವರಿಗೂ ತೋರಿಸಿಕೊಡು.

ಶುಕ್ರವಾರ ರಾತ್ರಿ ರೈಲಿಗೆ ನಿನಗೆ ಟಿಕೆಟ್ ಮಾಡಿಸಿದ್ದೇನೆ. ಬೆಳಿಗ್ಗೆ ಅಪ್ಪ ಸ್ಟೇಷನ್ನಿಗೆ ಬರುತ್ತಾರೆ. ನೀನು ಕಟ್ ಮಾಡಿದಾಗಿನಿಂದ ಫೋನ್ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ, ಓದಿದ ಮೇಲೆ ಮಾಡು.

ನಿನ್ನ
ಅಮ್ಮ