ಪಾದ ಕತ್ತರಿಸದೆ ನೋಡಿ

ಲಂಡನ್
ಭಾನುವಾರ

ಪ್ರೀತಿಯ ತಂಗಿಗೆ,

ಅಪ್ಪ ಅಮ್ಮ ಕ್ಷೇಮವೆಂದು ತಿಳಿದು ಸಮಾಧಾನ. ‘ದಿ ರೆಡ್ ಶೂಸ್’ ನೋಡಬೇಕು ಅಂದಿದ್ದೀಯಲ್ಲ, ಹಾಕುವ ಮೊದಲು ಟಿವಿ ಸರಿಮಾಡಿಕೋ. ಇದು 1948ರ ಚಿತ್ರ. ಎತ್ತರ 1 ಆದರೆ ಅಗಲ 1.37, ಅಷ್ಟೇ. ಹಾಗಾಗಿ ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ ಬರಲೇಬೇಕು. ಪರದೆ ತುಂಬಲಿ ಅಂತ ಅಪ್ಪ ‘ಜೂಮ್’ ಒತ್ತಿದರೆ ಮೇಲೆ ಕೆಳಗೆ ಸೇರಿ ಚಿತ್ರದ ಕಾಲುಭಾಗದ ಹತ್ತಿರ ಹೊರಟುಹೋಗುತ್ತೆ. ಮೊದಲು ಹೋಗೋದೇ ನರ್ತಕಿಯ ಪಾದ. ಬ್ಯಾಲೆಯಲ್ಲಿ ಪಾದವೇ ಕಾಣದಿದ್ದರೆ ಇನ್ನೇನು ಉಳೀತು?

‘ಮೋಶನ್ ಸ್ಮೂದಿಂಗ್’ ಇದ್ದರೆ ಆಫ್ ಮಾಡು. ನರ್ತಕರು ಜಿಗಿದು ತುತ್ತತುದಿ ಮುಟ್ಟುವ ಹೊತ್ತಿಗೆ ಛಾಯಾಗ್ರಾಹಕ ಜಾಕ್ ಕಾರ್ಡಿಫ್ ಕ್ಯಾಮೆರಾದ ವೇಗವನ್ನೇ ಬದಲಿಸುತ್ತಿದ್ದ. ಅದರಿಂದ ಅವರು ಒಂದು ಕ್ಷಣ ಗಾಳಿಯಲ್ಲೇ ನಿಂತಂತೆ ಕಾಣುತ್ತಾರೆ. ಟಿವಿ ತಾನೇ ನಡುವೆ ಸುಳ್ಳು ಫ್ರೇಮು ತುರುಕಿದರೆ ಆ ಕ್ಷಣ ಕರಗಿಹೋಗುತ್ತೆ. ಪಿಕ್ಚರ್ ಮೋಡ್ ‘ಸಿನಿಮಾ’ ಇರಲಿ. ‘ವಿವಿಡ್’ನಲ್ಲಿ ಕೆಂಪು ಎಷ್ಟು ಉರಿಯುತ್ತೆ ಅಂದರೆ ಶೂಗಳ ಸ್ಯಾಟಿನ್ ಮೇಲಿನ ಸುಕ್ಕೂ ಕಾಣಲ್ಲ.

ಕಥೆ ಪೂರ್ತಿ ಹೇಳಲ್ಲ. ತೊಟ್ಟವಳನ್ನು ನಿಲ್ಲಗೊಡದೆ ಕುಣಿಸುವ ಶೂಗಳ ಬಗ್ಗೆ ಆಂಡರ್ಸನ್ ಬರೆದ ಮಕ್ಕಳ ಕಥೆಯನ್ನು ನಿರ್ದೇಶಕರಾದ ಮೈಕೇಲ್ ಪವೆಲ್, ಎಮರಿಕ್ ಪ್ರೆಸ್‌ಬರ್ಗರ್ ಇಬ್ಬರೂ ಒಂದು ಬ್ಯಾಲೆ ತಂಡದೊಳಕ್ಕೆ ತಂದಿದ್ದಾರೆ. ನಾಯಕಿ ಮೊಯಿರಾ ಶಿಯರರ್ ನಿಜಕ್ಕೂ ಲಂಡನ್ನಿನ ಸ್ಯಾಡ್ಲರ್ಸ್ ವೆಲ್ಸ್ ಬ್ಯಾಲೆ ತಂಡದ ನರ್ತಕಿ. ಶೂ ಮಾಡುವವನ ಪಾತ್ರದಲ್ಲಿರುವ ಲಿಯೊನಿಡ್ ಮಸೀನ್ ರಷ್ಯದ ದಿಯಾಗಿಲೆವ್‌ನ ಬ್ಯಾಲೆ ಕಂಪನಿಯಲ್ಲಿ ಕುಣಿದು ಹೆಸರಾದವನು. ಚಿತ್ರದ ನಡುವೆ ಸುಮಾರು 17 ನಿಮಿಷ ಬರೀ ಬ್ಯಾಲೆ. ಅಲ್ಲಿ ಶೂಗಳು ನೆಲದ ಮೇಲೆ ತಾವೇ ನಿಂತಿರುತ್ತವೆ; ಅವಳು ಓಡಿ ಬಂದು ಅವುಗಳೊಳಕ್ಕೆ ಜಿಗಿಯುತ್ತಾಳೆ, ಶೂಗಳ ರಿಬ್ಬನ್ ಪಟ್ಟಿ ಅದಾಗಲೇ ಕಾಲಿಗೆ ಸುತ್ತಿಕೊಂಡಾಗಿದೆ. ಒಂದೇ ಒಂದು ಕಟ್, ರೆಪ್ಪೆ ಮಿಟುಕಿಸಬೇಡ. ವಾಸ್ತವದಲ್ಲಿ ಆ ಪಟ್ಟಿಯನ್ನು ಕಣಕಾಲಿಗೆ ಸುತ್ತಿ, ಗಂಟನ್ನು ಒಳಬದಿಯಲ್ಲಿ ಸಿಕ್ಕಿಸಿ ಮರೆಮಾಡುತ್ತಾರೆ. ಶೂಗಳ ತುದಿ ಬಟ್ಟೆ, ಕಾಗದ, ಅಂಟು ಪದರಪದರವಾಗಿ ಸೇರಿ ಗಟ್ಟಿಯಾದದ್ದು. ಬೆವರಿಗೂ ಕಾಲಿನ ಬಿಸಿಗೂ ಅದು ಮೆತ್ತಗಾಗುತ್ತೆ. ಕಷ್ಟದ ಪಾತ್ರವಾದರೆ ಒಂದೇ ರಾತ್ರಿಗೆ ಒಂದು ಜೊತೆ ಮುಗಿದುಹೋಗುವುದುಂಟು.

ಇನ್ನು ಆ ಕೆಂಪು. ಆಗ ಬಣ್ಣದ ಚಿತ್ರ ತೆಗೆಯುತ್ತಿದ್ದ ಟೆಕ್ನಿಕಲರ್ ಕ್ಯಾಮೆರಾದೊಳಗೆ ಏಕಕಾಲಕ್ಕೆ ಮೂರು ರೀಲು ಓಡುತ್ತಿದ್ದವು, ಮೂರೂ ಕಪ್ಪು ಬಿಳುಪು! ಲೆನ್ಸಿನ ಹಿಂದಿನ ಪ್ರಿಸಂ ಬೆಳಕನ್ನು ಸೀಳಿ, ಹಸಿರನ್ನು ಒಂದು ರೀಲಿಗೆ ಕಳಿಸುತ್ತೆ. ನೀಲಿಯೂ ಕೆಂಪೂ ಮುಖಕ್ಕೆ ಮುಖ ಒತ್ತಿಕೊಂಡ ಇನ್ನೆರಡಕ್ಕೆ. ಆಮೇಲೆ ಆ ಮೂರರಿಂದ ಹಳದಿ, ಮೆಜೆಂಟಾ, ಸಯಾನ್ ಬಣ್ಣಗಳನ್ನು ಒಂದರ ಮೇಲೊಂದು ಒತ್ತಿ ಪ್ರಿಂಟ್ ತೆಗೆಯೋದು. ಅಂದರೆ ಕೆಂಪು ಶೂ ಯಾವ ನೆಗೆಟಿವ್‌ನಲ್ಲೂ ಕೆಂಪಾಗಿಲ್ಲ. ಮೆಜೆಂಟಾ, ಹಳದಿ ಎರಡೂ ಸರಿಯಾಗಿ ಒಂದೇ ಜಾಗದಲ್ಲಿ ಕೂತಾಗ ಮಾತ್ರ ಅದು ಹುಟ್ಟುತ್ತೆ. ಹಳೆಯ ಅಗ್ಗದ ಕ್ಯಾಲೆಂಡರಿನಲ್ಲಿ ಲಕ್ಷ್ಮಿಯ ತುಟಿಯ ಬಣ್ಣ ತುಟಿಯಿಂದಾಚೆ ಸರಿದಿರುತ್ತೆ ನೋಡು, ಚೂರು ತಪ್ಪಿದರೂ ಹಾಗೇ.

ಆಗಿದ್ದೂ ಅದೇ. ವರ್ಷಗಳು ಕಳೆದಂತೆ ಮೂರು ನೆಗೆಟಿವ್‌ಗಳೂ ಕುಗ್ಗಿದವು, ಆದರೆ ಒಂದೊಂದೂ ಒಂದೊಂದು ಅಳತೆಗೆ. ಮೂಗಿನ ಅಂಚಿಗೆ ಹಸಿರು, ಬೆರಳಿನ ಅಂಚಿಗೆ ಕೆಂಪು. ಸಾಲದ್ದಕ್ಕೆ ಬೂಷ್ಟು ಹಿಡಿದಿತ್ತು. ಮಲೆನಾಡಿನ ಮಳೆಗಾಲದಲ್ಲಿ ಟ್ರಂಕಿನ ಫೋಟೊಗೆ ಹತ್ತುತ್ತಲ್ಲ, ಅಂಥದೇ. ಫಿಲ್ಮಿನ ಮೇಲಿರುವ ಜೆಲಾಟಿನ್ನೇ ಅದಕ್ಕೆ ಊಟ, ಆದ್ದರಿಂದ ತಿಂದ ಜಾಗವನ್ನು ತೊಳೆದು ಸರಿಮಾಡಲು ಬರಲ್ಲ. ಮೂರರಲ್ಲಿ ಒಂದೇ ರೀಲಿಗೆ ಹಿಡಿದರೆ ಪರದೆಯ ಮೇಲೆ ಬಣ್ಣದ ಕಲೆಯಾಗಿ ಕಾಣುತ್ತೆ.

ಲ್ಯಾಬಿನಲ್ಲಿ ರಾಸಾಯನಿಕವಾಗಿ ಹೊಸ ಪ್ರಿಂಟ್ ತೆಗೆಯುವಾಗ ಇಡೀ ಫ್ರೇಮನ್ನು ಮಾತ್ರ ಅತ್ತಿತ್ತ ಸರಿಸಬಹುದು. ಎಡಮೂಲೆ ಕೂಡಿದರೆ ಬಲಮೂಲೆ ಬಿಡುತ್ತೆ. ಅದಕ್ಕೇ ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ಫಿಲ್ಮ್ ಆರ್ಕೈವ್‌ನ ರಾಬರ್ಟ್ ಗಿಟ್ ನೇತೃತ್ವದಲ್ಲಿ ಮೂಲ ನೆಗೆಟಿವ್‌ಗಳನ್ನೇ 4ಕೆಯಲ್ಲಿ, ಅಂದರೆ ತುಂಬಾ ಸೂಕ್ಷ್ಮ ವಿವರದಲ್ಲಿ, ಸ್ಕ್ಯಾನ್ ಮಾಡಿದರು. ಕಂಪ್ಯೂಟರಿನಲ್ಲಾದರೆ ಫ್ರೇಮಿನ ಒಂದು ಮೂಲೆಯನ್ನಷ್ಟೇ ಹಿಗ್ಗಿಸಿ ಕೂಡಿಸಬಹುದು. ಲೆಕ್ಕ ಹಾಕು: 134 ನಿಮಿಷ, ಸೆಕೆಂಡಿಗೆ 24 ಫ್ರೇಮು, ಅದರ ಮೂರರಷ್ಟು. ಸುಮಾರು 5,79,000 ಚಿತ್ರ. ಇಂಥ ಕೆಲಸದಲ್ಲಿ ಧೂಳು ತೆಗೆಯುವ ಸಾಫ್ಟ್‌ವೇರನ್ನು ಅದರ ಪಾಡಿಗೆ ಬಿಡೋ ಹಾಗಿಲ್ಲ. ಗಾಳಿಯಲ್ಲಿ ಹಾರುವ ಕಾಗದದ ಚೂರನ್ನೋ, ವೇಗವಾಗಿ ಬೀಸಿದ ಬೆರಳ ತುದಿಯನ್ನೋ ಕಸವೆಂದು ಅಳಿಸಿಬಿಡುತ್ತೆ. ಮನುಷ್ಯರೇ ಕೂತು ನೋಡಬೇಕು. ಈ ಕೆಲಸದ ಬೆನ್ನಿಗೆ ನಿಂತವರು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ, ಪವೆಲ್‌ನ ಹೆಂಡತಿ ಥೆಲ್ಮಾ ಸ್ಕೂನ್‌ಮೇಕರ್. 2009ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ಕಾರ್ಡಿಫ್ ಏಪ್ರಿಲ್‌ನಲ್ಲೇ ತೀರಿಕೊಂಡಿದ್ದ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತೆ.

ಇದೇ 1948ರಲ್ಲಿ ಉದಯ ಶಂಕರ್ ಮದ್ರಾಸಿನ ಜೆಮಿನಿ ಸ್ಟುಡಿಯೋದಲ್ಲಿ ತೆಗೆದ ನೃತ್ಯಚಿತ್ರ ‘ಕಲ್ಪನಾ’ವನ್ನೂ ಸ್ಕಾರ್ಸೆಸಿಯ ಸಂಸ್ಥೆ ಉಳಿಸಿದೆ. ಎರಡನ್ನೂ ಒಂದೇ ವಾರದಲ್ಲಿ ನೋಡು. ಕಾಸರವಳ್ಳಿಯವರ ‘ಘಟಶ್ರಾದ್ಧ’ವೂ ಹೀಗೇ ದುರಸ್ತಿಯಾಗಿ 2024ರಲ್ಲಿ ವೆನಿಸ್‌ನಲ್ಲಿ ತೆರೆಕಂಡಿತು. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಆ ಭಾಗ್ಯ ಇಲ್ಲ. ಸ್ಕ್ಯಾನ್ ಮಾಡೋಣವೆಂದರೆ ಒಂದು ಪ್ರಿಂಟೂ ಉಳಿದಿಲ್ಲ.

ಶೂಗಳೊಳಕ್ಕೆ ಜಿಗಿಯುವ ಆ ಜಾಗ ಬಂದಾಗ ಒಮ್ಮೆ ನಿಲ್ಲಿಸಿ ಪಟ್ಟಿಯ ಅಂಚನ್ನೇ ನೋಡು. ಹಸಿರು ನೆರಳೇನಾದರೂ ಕಂಡೀತಾ, ಬರೆದು ತಿಳಿಸು.

ಇಂತಿ ನಿನ್ನ
ಅಕ್ಕ